ವಿಎಆರ್ ಇದ್ದರೂ ಬೀಳುವ ನಾಟಕ ನಿಂತಿಲ್ಲವೇಕೆ?

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ವಿಡಿಯೊ ರೆಫರಿ ವ್ಯವಸ್ಥೆ (ವಿಎಆರ್) ಬಂದ ಮೇಲೂ ಆಟಗಾರರು ಬೇಕೆಂದೇ ಬಿದ್ದು ಹೊರಳಾಡುವುದು, ಕಾಲಹರಣ ಮಾಡುವುದು ನಿಂತಿಲ್ಲವೇಕೆ? 2023ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಚೆಟ್ರಿ ಗಳಿಸಿದ ವಿವಾದಿತ ಗೋಲು, ವಿಎಆರ್ ಇದ್ದಿದ್ದರೆ ರದ್ದಾಗುತ್ತಿತ್ತೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 2018ರಲ್ಲಿ ಆಟದ ನಿಯಮಾವಳಿಗೆ ಸೇರಿದಾಗ ವಿಎಆರ್‌ಗೆ ವಹಿಸಿದ ಕೆಲಸವೇ ಸೀಮಿತವಾಗಿತ್ತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್ ಹಾಗೂ ಒಬ್ಬರಿಗೆ ತೋರಿಸಬೇಕಾದ ಕಾರ್ಡನ್ನು ಮತ್ತೊಬ್ಬರಿಗೆ ತೋರಿಸಿದ ಪ್ರಮಾದ, ಈ ನಾಲ್ಕು ವಿಷಯಗಳಲ್ಲಿ ರೆಫರಿಯಿಂದ ಎದ್ದು ಕಾಣುವ ತಪ್ಪಾದಾಗ ಅಥವಾ ಗಂಭೀರ ಘಟನೆಯೊಂದು ಅವರ ಕಣ್ತಪ್ಪಿದಾಗ ಮಾತ್ರ ಅದು ಮಧ್ಯೆ ಬರಬೇಕೆಂದು ನಿಗದಿಯಾಯಿತು.

ಪೆನಾಲ್ಟಿ ಆವರಣದಲ್ಲಿ ಬೀಳುವವರಿಗೆ ಇದರ ಬಿಸಿ ತಟ್ಟಿರುವುದು ನಿಜ. 2018ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೇಮಾರ್ ಹಿಂದಕ್ಕೆ ವಾಲಿ ಬಿದ್ದಾಗ ಪೆನಾಲ್ಟಿ ಕೊಟ್ಟಿದ್ದ ರೆಫರಿ ಬ್ಯೋರ್ನ್ ಕುಯ್ಪರ್ಸ್, ಪರದೆಯಲ್ಲಿ ದೃಶ್ಯ ನೋಡಿ ಅದನ್ನು ಹಿಂಪಡೆದರು. ಆದರೆ ರೆಫರಿಯನ್ನು ವಂಚಿಸಲು ಯತ್ನಿಸಿದವರಿಗೆ ನಿಯಮ ವಿಧಿಸುವ ಹಳದಿ ಕಾರ್ಡನ್ನು ಆ ಬೀಳುವಿಕೆಗಾಗಿ ತೋರಿಸಲಿಲ್ಲ. ನನ್ನ ದೊಡ್ಡ ಆಕ್ಷೇಪವಿರುವುದು ಇಲ್ಲಿಯೇ: ಫಲಿಸಿದರೆ ಪೆನಾಲ್ಟಿ, ಫಲಿಸದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದಾದರೆ ಬೀಳುವವರು ಬೀಳುತ್ತಲೇ ಇರುತ್ತಾರೆ. ಇನ್ನು ಅಂಗಳದ ಮಧ್ಯದಲ್ಲಿ ಬಿದ್ದು ಫ್ರೀ ಕಿಕ್ ಗಿಟ್ಟಿಸಿಕೊಂಡರೆ, ಆ ಕಿಕ್‌ನಿಂದಲೇ ಗೋಲು ಬಂದರೂ ಮೂಲದ ಸುಳ್ಳು ಫೌಲನ್ನು ವಿಎಆರ್ ಪರಿಶೀಲಿಸುವಂತಿಲ್ಲ.

ಕಾಲಹರಣಕ್ಕೆ ಮದ್ದು ಕ್ಯಾಮೆರಾದಲ್ಲಿ ಇಲ್ಲ, ನಿಯಮದಲ್ಲಿದೆ. ಗೋಲ್‌ಕೀಪರ್ 6 ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳಬಾರದೆಂಬ ಹಳೆಯ ನಿಯಮವನ್ನು ರೆಫರಿಗಳು ಜಾರಿಗೊಳಿಸಿದ್ದೇ ಅಪರೂಪವಾಗಿತ್ತು. 2025ರಿಂದ ಮಿತಿಯನ್ನು 8 ಸೆಕೆಂಡಿಗೆ ಏರಿಸಿ, ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್ ಕೊಡಲಾಗುತ್ತಿದೆ. ರೆಫರಿಯನ್ನು ಮುತ್ತಿಕೊಳ್ಳುವುದನ್ನು ತಡೆಯಲು 2024ರ ಯುರೋ ಕಪ್‌ನಲ್ಲಿ ನಾಯಕನಿಗಷ್ಟೇ ಅವರೊಡನೆ ಮಾತಾಡುವ ಅವಕಾಶ ನೀಡಲಾಯಿತು. ಬೆರಳಿನಿಂದ ಟಿವಿಯ ಚೌಕಟ್ಟು ಬರೆದು ಪದೇ ಪದೇ ಮರುಪರಿಶೀಲನೆಗೆ ಒತ್ತಾಯಿಸುವುದಕ್ಕೂ ಹಳದಿ ಕಾರ್ಡ್ ಇದೆ.

ಚೆಟ್ರಿಯವರ ಗೋಲು ಬೇರೆಯೇ ವಿಷಯ. 2023ರ ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡದವರು ಅಡ್ಡಗೋಡೆಯಾಗಿ ನಿಲ್ಲುವ ಮೊದಲೇ ಚೆಟ್ರಿ ಫ್ರೀ ಕಿಕ್ ತೆಗೆದುಕೊಂಡು ಚೆಂಡನ್ನು ಗೋಲಿಗೆ ಸೇರಿಸಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ತಂಡವನ್ನೇ ಅಂಗಳದಿಂದ ಹೊರಕ್ಕೆ ಕರೆದೊಯ್ದರು, ಪಂದ್ಯ ಚೆಟ್ರಿಯವರ ಬೆಂಗಳೂರು ಎಫ್‌ಸಿ ಪಾಲಾಯಿತು. ಸೀಟಿ ಊದುವವರೆಗೆ ಕಾಯಬೇಕೆಂದು ರೆಫರಿ ಸೂಚಿಸದಿದ್ದಲ್ಲಿ ಕಿಕ್ಕನ್ನು ಬೇಗನೆ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಅದನ್ನು ನಾನು ವಂಚನೆಯೆಂದು ಕರೆಯಲಾರೆ, ಅದು ಚುರುಕು ಬುದ್ಧಿ. ವಿಎಆರ್ ಇದ್ದಿದ್ದರೂ ಆಫ್‌ಸೈಡ್, ಹ್ಯಾಂಡ್‌ಬಾಲ್‌ಗಳಂಥ ತಪ್ಪುಗಳನ್ನು ನೋಡುತ್ತಿತ್ತೇ ಹೊರತು ಎದುರಾಳಿಗಳು ಸಿದ್ಧರಾಗಿದ್ದರೇ ಎಂಬುದನ್ನು ನೋಡುತ್ತಿರಲಿಲ್ಲ.