ಹೆಸರಿನ ಪಕ್ಕದ ಆ ‘ಬಿ24’ ಏನು?

ಪ್ರಶ್ನೆ: ಅಮೆರಿಕದ ಫೆನ್ಸಿಂಗ್ (ಕತ್ತಿವರಸೆ) ಟೂರ್ನಮೆಂಟ್ ಲಿಸ್ಟ್‌ಗಳಲ್ಲಿ ಹೆಸರಿನ ಪಕ್ಕ ಬಿ24, ಡಿ22, ಯು ಅಂತೆಲ್ಲ ಇರುತ್ತಲ್ಲ, ಏನದು? ಚೆಸ್ ರೇಟಿಂಗ್ ಥರ ಸೋತ್ರೆ ಇಳಿಯುತ್ತಾ?

ಉತ್ತರ: ಇಳಿಯಲ್ಲ, ಚೆಸ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸಾನೇ ಅದು. ಆ ಅಕ್ಷರ ಆಟಗಾರರ ಮಟ್ಟ ಹೇಳೋ ರೇಟಿಂಗ್: ಎ ಎಲ್ಲಕ್ಕಿಂತ ಮೇಲೆ, ಆಮೇಲೆ ಬಿ, ಸಿ, ಡಿ, ಇ, ಇನ್ನೂ ಏನೂ ಸಿಗದೇ ಇರೋರಿಗೆ ಯು. ಅಂಕೆ ಅಂದ್ರೆ ಆ ಅಕ್ಷರ ಸಿಕ್ಕಿದ ವರ್ಷ, ಬಿ24 ಅಂದ್ರೆ 2024ರಲ್ಲಿ ಬಿ ಸಿಕ್ಕಿದೆ ಅಂತ. ಫಾಯಿಲ್, ಎಪೆ, ಸೇಬರ್ ಅನ್ನೋ ಮೂರು ಬಗೆಯ ಕತ್ತಿಗೂ ಬೇರೆ ಬೇರೆ ರೇಟಿಂಗ್.

ಒಂದೊಂದು ಬೌಟ್ (ಇಬ್ಬರ ನಡುವಿನ ಪಂದ್ಯ) ಗೆದ್ದಿದ್ದಕ್ಕೆ ಪಾಯಿಂಟ್ ಸೇರಲ್ಲ, ಇಡೀ ಟೂರ್ನಮೆಂಟ್‌ನಲ್ಲಿ ಎಷ್ಟನೇ ಸ್ಥಾನ ಬಂತು, ಜೊತೆಗೆ ಅವತ್ತು ಯಾರ್ಯಾರು ಆಡೋಕೆ ಬಂದಿದ್ರು ಅನ್ನೋದ್ರ ಮೇಲೆ ಎಲ್ಲ ನಿಂತಿರುತ್ತೆ. ಆರೇ ಜನ ಇರೋ ಸಣ್ಣ ಟೂರ್ನಮೆಂಟ್ ಗೆದ್ರೆ ಇ ಸಿಗುತ್ತೆ ಅಷ್ಟೆ. ಎ ಸಿಗಬೇಕಾದ್ರೆ ಕಮ್ಮಿ ಅಂದ್ರೂ 15 ಜನ ಬೇಕು, ಅವರಲ್ಲಿ ಎ, ಬಿ, ಸಿ ಇರೋರು ತಲಾ ಇಬ್ಬರಾದ್ರೂ ಇರಬೇಕು, ಬರೀ ಹೆಸರು ಕೊಟ್ಟು ಬಂದ್ರೆ ಸಾಲದು, ಆ ರೇಟಿಂಗ್‌ನವರು ನಿಗದಿ ಮಾಡಿದಷ್ಟು ಜನ ಮೊದಲ ಎಂಟರೊಳಗೂ ಬರಬೇಕು. ಅವರು ಬೇಗ ಸೋತು ಹೋದ್ರೆ ನೀವು ಫೈನಲ್ ಗೆದ್ರೂ ಎ ಕೈತಪ್ಪುತ್ತೆ! ನನಗಂತೂ ಇದು ಸರಿ ಅನ್ಸುತ್ತೆ, ಗಟ್ಟಿ ಆಟಗಾರರು ಕೊನೇವರೆಗೂ ಉಳಿದಿದ್ರೆ ತಾನೇ ಆ ಗೆಲುವಿಗೆ ತೂಕ.

ಸೋಲಿಂದ ಇಳಿಯಲ್ಲ ಅಂದೆ, ಆದ್ರೆ ಸುಮ್ನೆ ಕೂತ್ರೆ ಇಳಿಯುತ್ತೆ. ನಾಲ್ಕು ವರ್ಷದೊಳಗೆ ಮತ್ತೆ ಬಿ ಗಳಿಸದಿದ್ರೆ ಬಿ24 ಹೋಗಿ ಸಿ28 ಆಗುತ್ತೆ, ನಡುವೆ 2026ರಲ್ಲಿ ಇನ್ನೊಂದು ಸಲ ಬಿ ಬಂದ್ರೆ ಬಿ26, ಗಡುವೂ ಮುಂದಕ್ಕೆ ಹೋಗುತ್ತೆ.

ಇದರ ಮುಖ್ಯ ಉಪಯೋಗ ಸೀಡಿಂಗ್‌ಗೆ, ಅಂದ್ರೆ ಆಟ ಶುರುವಾಗೋ ಮುಂಚೆ ಆಟಗಾರರನ್ನ ಕ್ರಮವಾಗಿ ಜೋಡಿಸೋಕೆ. ಗಟ್ಟಿ ಆಟಗಾರರೆಲ್ಲ ಒಂದೇ ಪೂಲ್‌ಗೆ (ಮೊದಲ ಸುತ್ತಲ್ಲಿ ಎಲ್ಲರೂ ಎಲ್ಲರ ಜೊತೆ ಆಡೋ ಸಣ್ಣ ಗುಂಪು) ಬಿದ್ದುಬಿಡಬಾರದಲ್ಲ, ಅದಕ್ಕೆ ಅಕ್ಷರ ನೋಡಿ ಹಂಚ್ತಾರೆ, ಅಕ್ಷರ ಒಂದೇ ಆದ್ರೆ ಹೊಸ ವರ್ಷದವರು ಮೇಲೆ. ಪೂಲ್ ಮುಗೀತು ಅಂದ್ರೆ ರೇಟಿಂಗ್‌ಗೆ ಕೆಲಸ ಇಲ್ಲ, ಐದೈದು ಟಚ್‌ನ (ಕತ್ತಿ ತಾಗಿಸಿ ಗಳಿಸೋ ಪಾಯಿಂಟ್) ಆ ಪೂಲ್ ಬೌಟ್‌ಗಳಲ್ಲಿ ಎಷ್ಟು ಗೆದ್ರಿ, ಅದೂ ಸಮ ಆದ್ರೆ ಹೊಡೆದ ಟಚ್‌ನಲ್ಲಿ ತಿಂದ ಟಚ್ ಕಳೆದು ಎಷ್ಟು ಉಳೀತು ಅಂತ ನೋಡಿ ನಾಕೌಟ್ ಪಟ್ಟಿ ಮಾಡ್ತಾರೆ. ಯು ಇರೋ ಹುಡುಗಿ ಪೂಲ್‌ನಲ್ಲಿ ಎಲ್ಲರನ್ನೂ ಸೋಲಿಸಿದ್ರೆ ಎಷ್ಟೋ ಎ, ಬಿಗಳಿಗಿಂತ ಮೇಲೆ ಕೂರ್ತಾಳೆ.

ಇನ್ನೊಂದು ವಿಷಯ, ರೇಟಿಂಗ್ ನೋಡಿ ಪ್ರವೇಶ ಕೊಡೋ ಸ್ಪರ್ಧಾ ವಿಭಾಗಗಳೂ ಇವೆ: ಡಿವಿಷನ್ 3ರಲ್ಲಿ ಡಿ ಮತ್ತು ಅದಕ್ಕಿಂತ ಕೆಳಗಿನವರಿಗೆ, ಡಿವಿಷನ್ 2ರಲ್ಲಿ ಸಿ ಮತ್ತು ಕೆಳಗಿನವರಿಗೆ ಮಾತ್ರ ಪ್ರವೇಶ. ಹಾಗಾಗಿ ಡಿಯಿಂದ ಸಿಗೆ ಹೋದ್ರೆ ಡಿವಿಷನ್ 3ರ ಬಾಗಿಲು ಮುಚ್ಚುತ್ತೆ, ಆ ಭಯಕ್ಕೆ ಮಕ್ಕಳನ್ನ ಒಳ್ಳೆ ಟೂರ್ನಮೆಂಟ್‌ಗಳಿಂದ ದೂರ ಇಡಬೇಡಿ ದಯವಿಟ್ಟು, ತಮಗಿಂತ ಗಟ್ಟಿ ಇರೋರ ಜೊತೆ ಆಡಿದ್ರೇನೇ ಕೈ ಪಳಗೋದು.