ಚಿತ್ರ ಯಂತ್ರ ತೆಗೆಯುತ್ತದೆ, ಓದುವವರು ಯಾರು?

ಪತ್ರ: ಕಳೆದ ಸಂಚಿಕೆಯಲ್ಲಿ ಕಲ್ಲಿನ ಪದರಗಳ ಬಗ್ಗೆ ನಾಲ್ಕು ಪುಟ ತುಂಬಿಸಿದ್ದೀರಿ. ಎಣ್ಣೆ ಎಲ್ಲಿದೆ, ನೀರು ಎಲ್ಲಿದೆ ಅಂತ ಈಗ ಯಂತ್ರವೇ ಹೇಳುತ್ತದೆ. ಈ ಹಳೇ ಪಾಠ ಯಾರಿಗೆ ಬೇಕು? – ಒಬ್ಬ ಓದುಗ

ಉತ್ತರ: ಯಂತ್ರದ ಮಾತು ಒಪ್ಪಿದೆ. ನೆಲದೊಳಕ್ಕೆ ಕಂಪನ ಕಳಿಸಿ, ತಿರುಗಿ ಬಂದದ್ದರಿಂದ ಒಳಗಿನ ಚಿತ್ರ ತೆಗೆಯುತ್ತಾರೆ. ಆದರೆ ಆ ಚಿತ್ರದ ಮೇಲೆ 'ಎಣ್ಣೆ ಇಲ್ಲಿದೆ' ಅಂತ ಬರೆದಿರುವುದಿಲ್ಲ ಸ್ವಾಮಿ. ಕಾಣುವುದು ಪದರಗಳ ಗೆರೆಗಳು. ಅವನ್ನು ಓದಲು ಬರಬೇಕಲ್ವಾ?

ನನ್ನ ಮೇಜಿನ ಮೇಲೆ ಎರಡು ಕಲ್ಲುಗಳಿವೆ. ಒಂದು ಮರಳುಗಲ್ಲು, ಇನ್ನೊಂದು ಜೇಡಿಕಲ್ಲು. ನಿಮ್ಮ ಪತ್ರ ಓದಿದ ಮೇಲೆ ಎರಡಕ್ಕೂ ಒಂದೊಂದು ಹನಿ ನೀರು ಬಿಟ್ಟೆ. ಮರಳುಗಲ್ಲು ಹೀರಿಕೊಂಡಿತು. ಜೇಡಿಕಲ್ಲಿನ ಮೇಲೆ ಹನಿ ಹಾಗೇ ಕೂತಿತ್ತು. ಎಣ್ಣೆಯ ಕಥೆಯೂ ಇಷ್ಟೇ. ಅದು ನೀರಿಗಿಂತ ಹಗುರ, ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಮೇಲೆ ಜೇಡಿಕಲ್ಲಿನ ಪದರ ಬೋರಲು ಬಟ್ಟಲಿನಂತೆ ಬಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೂ ಜನ ಭೂಮಿಯೊಳಗೆ ಎಣ್ಣೆಯ ಕೆರೆ ಇದೆ ಅಂದುಕೊಂಡಿರುತ್ತಾರೆ! ಕಲ್ಲೇ ಪಾತ್ರೆ ಅಂತ ಎಷ್ಟು ಸಲ ಬರೆದರೂ ಅಷ್ಟೇ.

ನೀರಿನದೂ ಇದೇ ಲೆಕ್ಕ. ಆಸ್ಟ್ರೇಲಿಯಾದ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲದ ಪ್ರದೇಶ ಸುಮಾರು 17 ಲಕ್ಷ ಚದರ ಕಿಲೋಮೀಟರ್. ಅಂಚಿನ ಎತ್ತರದ ನೆಲದಲ್ಲಿ ಬಿದ್ದ ಮಳೆ ಮರಳುಗಲ್ಲಿಗಿಳಿದು, ಮೇಲಿನ ಬಿಗಿ ಪದರದಡಿ ಒತ್ತಡದಲ್ಲಿರುತ್ತದೆ. ಕೊರೆದರೆ ಎಷ್ಟೋ ಕಡೆ ಪಂಪಿಲ್ಲದೆ ಉಕ್ಕುತ್ತದೆ. ಇನ್ನು ಕಟ್ಟಡದ ಕಲ್ಲು: ಪದರ ಅಡ್ಡಲಾಗಿ ಬರುವ ಹಾಗೆ ಕೂರಿಸಬೇಕು. ನಿಲ್ಲಿಸಿ ಕೂರಿಸಿದರೆ ಹಳೇ ಪುಸ್ತಕದ ಹಾಳೆಗಳಂತೆ ಕಳಚುತ್ತದೆ.

ಇದನ್ನೆಲ್ಲ ಓದಲು ಕಲಿಸಿದವರಲ್ಲಿ ವಿಲಿಯಂ ಸ್ಮಿತ್ ದೊಡ್ಡವನು. ಇಂಗ್ಲೆಂಡಿನಲ್ಲಿ ಕಾಲುವೆ ಅಗೆಸುತ್ತಿದ್ದ ಸರ್ವೇಯರ್. ಪದರಗಳು ಎಲ್ಲೆಡೆ ಒಂದೇ ಕ್ರಮದಲ್ಲಿ ಬರುತ್ತವೆ, ಒಂದೊಂದರಲ್ಲೂ ಅದರದೇ ಪಳೆಯುಳಿಕೆಗಳಿವೆ ಎಂದು ಕಂಡುಕೊಂಡ. 1815ರಲ್ಲಿ ದೇಶದ ಕಲ್ಲಿನ ಪದರಗಳನ್ನು ತೋರಿಸುವ ಅವನ ನಕ್ಷೆ ಬಂತು. 1819ರಲ್ಲಿ ಸಾಲಕ್ಕಾಗಿ ಜೈಲು ಸೇರಿದ! ವಿದ್ವಾಂಸರ ಸಂಘ ಪದಕ ಕೊಟ್ಟದ್ದು 1831ರಲ್ಲಿ. ಕೈಗೆ ಮಣ್ಣು ಮೆತ್ತಿಕೊಂಡವರಿಗೆ ಮರ್ಯಾದೆ ತಡವಾಗಿಯೇ ಸಿಗುವುದು.

ಈಗಲೂ ನೋಡಿ, ಬೋರ್‌ವೆಲ್ ಕೊರೆಯುವಾಗ ಎಲ್ಲರ ಕಣ್ಣು ನೀರಿನ ಮೇಲೆ. ಎಷ್ಟನೇ ಅಡಿಯಲ್ಲಿ ಪುಡಿಯ ಬಣ್ಣ ಬದಲಾಯಿತು ಅಂತ ಯಾರೂ ಬರೆದಿಡುವುದಿಲ್ಲ. ಪದರದ ಲೆಕ್ಕವೆಲ್ಲ ಸುಮ್ನೆ ಪಕ್ಕದ ಚರಂಡಿಗೆ. ಎಲ್ಲಾದರೂ ಕೊರೆಯುವುದು ಕಂಡರೆ ಹತ್ತಡಿಗೊಂದು ಹಿಡಿ ಪುಡಿ ಪೊಟ್ಟಣ ಕಟ್ಟಿ, ಮೇಲೆ ಅಡಿ ಬರೆದು ಕಳಿಸಿ. ಮೇಜಿನ ಮೇಲೆ ಜಾಗ ಮಾಡಿಕೊಡುತ್ತೇನೆ.