ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಳಕು, ಕಣ ಮತ್ತು ಇಂಗ್ಲಿಷ್ ಪದಸಂಪತ್ತು

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದೇನೆ. ಇಂಗ್ಲಿಷ್ ಪದಸಂಪತ್ತು ಬೆಳೆಯಲೆಂದು ಬೆಳಕು ಮತ್ತು ಕಣಗಳ ಕುರಿತ ಜನಪ್ರಿಯ ವಿಜ್ಞಾನ ಲೇಖನಗಳನ್ನು ಓದುತ್ತಿದ್ದೇನೆ. ಸಾಲು ಸಾಲಿಗೂ ನಿಘಂಟು ತೆರೆಯಬೇಕಾಗುತ್ತದೆ, ಬರೆದಿಟ್ಟ ಪದಗಳೂ ಮರೆತುಹೋಗುತ್ತವೆ. ಈ ದಾರಿ ಸರಿಯೇ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ದಾರಿ ಸರಿಯಾಗಿಯೇ ಇದೆ, ಬದಲಾಗಬೇಕಾದದ್ದು ಓದಿನ ಕ್ರಮ. ದಿನಕ್ಕೊಂದು ವಿಷಯ ಓದಿದರೆ ದಿನವೂ ಹೊಸ ಪದಗಳೇ ಎದುರಾಗುತ್ತವೆ, ಹಳೆಯವು ಮತ್ತೆ ಸಿಗುವುದಿಲ್ಲ. ಅದರ ಬದಲು ಒಂದೇ ವಿದ್ಯಮಾನವನ್ನು ಹಿಡಿದು ಅದರ ಬಗ್ಗೆ ಬೇರೆ ಬೇರೆಯವರು ಬರೆದ ಮೂರು ನಾಲ್ಕು ಲೇಖನಗಳನ್ನು ಓದಿ. ಅವೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮರಳಿ ಬರುವುದರಿಂದ, ಬಾಯಿಪಾಠ ಮಾಡದೆಯೇ ನೆನಪಿನಲ್ಲಿ ನಿಲ್ಲುತ್ತವೆ.

ದ್ಯುತಿವಿದ್ಯುತ್ ಪರಿಣಾಮದಿಂದ, ಅಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೊರಬರುವ ವಿದ್ಯಮಾನದಿಂದ, ಆರಂಭಿಸಬಹುದು. ಪೊಟ್ಯಾಸಿಯಂ ಲೋಹದ ಮೇಲೆ ಕೆಂಪು ಬೆಳಕನ್ನು ಎಷ್ಟೇ ಪ್ರಖರವಾಗಿ ಹಾಯಿಸಿದರೂ ಎಲೆಕ್ಟ್ರಾನುಗಳು ಹೊರಬರುವುದಿಲ್ಲ, ಮಂದವಾದ ನೀಲಿ ಬೆಳಕು ಬಿದ್ದರೆ ಸಾಕು, ಹೊರಬರುತ್ತವೆ. ಬೆಳಕಿನ ಶಕ್ತಿ ಬಿಡಿ ಬಿಡಿ ಕಣಗಳ ರೂಪದಲ್ಲಿ ಬರುತ್ತದೆ, ಒಂದೊಂದು ಕಣದ ಶಕ್ತಿ ಎಷ್ಟೆಂಬುದು ಬೆಳಕಿನ ಆವೃತ್ತಿಯನ್ನು (ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದನ್ನು; ಇದು ಕೆಂಪಿಗಿಂತ ನೀಲಿ ಬೆಳಕಿಗೆ ಹೆಚ್ಚು) ಅವಲಂಬಿಸಿರುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಇದನ್ನು ವಿವರಿಸಿದರು, 1921ರ ನೊಬೆಲ್ ಪ್ರಶಸ್ತಿಗೂ ಮುಖ್ಯವಾಗಿ ಇದೇ ಕಾರಣವಾಯಿತು. ಆ ಕಣಕ್ಕೆ ಫೋಟಾನ್ ಎಂಬ ಹೆಸರು ಬಳಕೆಗೆ ಬಂದದ್ದು ನಂತರ, 1926ರಲ್ಲಿ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಅದನ್ನು ಸೂಚಿಸಿದ ಮೇಲೆ. ಈ ಒಂದೇ ಪ್ರಯೋಗದ ವಿವರಣೆಯಲ್ಲಿ ಬ್ರೈಟ್, ಡಿಮ್, ಇಂಟೆನ್ಸ್, ಸ್ಟ್ರೈಕ್, ಅಬ್ಸಾರ್ಬ್, ಎಮಿಟ್, ಇಜೆಕ್ಟ್, ಥ್ರೆಶೋಲ್ಡ್ ಎಂಬ ಪದಗಳೆಲ್ಲ ಬರುತ್ತವೆ, ಇವು ವಿಜ್ಞಾನದ ಹೊರಗೂ ದಿನನಿತ್ಯ ಬೇಕಾದವೇ.

ಈಗ ಇಂತಹ ಲೇಖನಗಳಲ್ಲಿ ಕಾಣುವ ಮಾದರಿಯ ಒಂದು ವಾಕ್ಯವನ್ನು ನೋಡಿ: ‘ಲೈಟ್ ಆಫ್ ಲೋ ಫ್ರೀಕ್ವೆನ್ಸಿ, ಹೌಎವರ್ ಇಂಟೆನ್ಸ್, ಫೇಲ್ಸ್ ಟು ಇಜೆಕ್ಟ್ ಎನಿ ಎಲೆಕ್ಟ್ರಾನ್ಸ್ ಫ್ರಮ್ ದ ಮೆಟಲ್.’ ಇದರಲ್ಲಿ ನಿಮ್ಮನ್ನು ತಡೆಯುವುದು ಫ್ರೀಕ್ವೆನ್ಸಿ, ಎಲೆಕ್ಟ್ರಾನ್ ಎಂಬ ದೊಡ್ಡ ಪದಗಳಲ್ಲ, ಅವುಗಳ ಅರ್ಥ ಪಠ್ಯಪುಸ್ತಕದಲ್ಲಿಯೇ ಇದೆ. ‘ಹೌಎವರ್’ ಎಂದರೆ ‘ಆದರೆ’ ಎಂದಷ್ಟೇ ಕಲಿತವರಿಗೆ ಇಲ್ಲಿ ಅರ್ಥ ಕೂಡುವುದಿಲ್ಲ, ಏಕೆಂದರೆ ಇಲ್ಲಿ ಅದು ‘ಎಷ್ಟೇ ತೀವ್ರವಾಗಿದ್ದರೂ’ ಎಂಬಲ್ಲಿನ ‘ಎಷ್ಟೇ’. ‘ಫೇಲ್ಸ್ ಟು’ ಎಂಬುದಕ್ಕೂ ಪರೀಕ್ಷೆಯಲ್ಲಿ ಫೇಲಾಗುವುದಕ್ಕೂ ಸಂಬಂಧವಿಲ್ಲ, ಆಗಬಹುದಾಗಿದ್ದ ಕೆಲಸ ಆಗುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ‘ಇಜೆಕ್ಟ್’ (ಹೊರದಬ್ಬು) ಬಂದಲ್ಲಿ ‘ಫ್ರಮ್’ ಬರುತ್ತದೆ ಎಂಬುದನ್ನೂ ಗಮನಿಸಿ. ನನ್ನ ದೃಷ್ಟಿಯಲ್ಲಿ ಪದಸಂಪತ್ತು ನಿಜವಾಗಿ ಬೆಳೆಯುವುದು ಈ ಸಣ್ಣ ಪದಗಳ ನಡೆ ತಿಳಿದಾಗ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪದದ ಪಕ್ಕದಲ್ಲಿ ಅರ್ಥ ಬರೆಯುವ ಬದಲು ಇಡೀ ವಾಕ್ಯವನ್ನೇ ಬರೆದುಕೊಳ್ಳಿ, ಮರುದಿನ ಪುಸ್ತಕ ಮುಚ್ಚಿಟ್ಟು ಅದೇ ಸಂಗತಿಯನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನಿಸಿ. ಪ್ರಯೋಗವನ್ನು ಕನ್ನಡದಲ್ಲಿ ಮೊದಲೇ ಅರ್ಥ ಮಾಡಿಕೊಂಡಿರುವುದು ನಿಮಗೆ ಅನುಕೂಲವೇ ಹೊರತು ಕೊರತೆಯಲ್ಲ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ನಮ್ಮ ಮಕ್ಕಳು ರಿಫ್ಲೆಕ್ಷನ್, ರಿಫ್ರ್ಯಾಕ್ಷನ್, ಡಿಫ್ರ್ಯಾಕ್ಷನ್ ಎಂಬ ಪದಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಸುಲಭವಾದ ಉಪಾಯವಿದೆಯೇ?
– ಕೊಪ್ಪಳ

ಉತ್ತರ: ಇವುಗಳ ಮೂಲ ಲ್ಯಾಟಿನ್. ‘ಫ್ಲೆಕ್ಟ್’ ಎಂದರೆ ಬಾಗಿಸು, ‘ಫ್ರ್ಯಾಕ್ಟ್’ ಎಂದರೆ ಮುರಿ. ಕನ್ನಡಿಗೆ ಬಡಿದ ಬೆಳಕು ಹಿಂದಕ್ಕೆ ಬಾಗಿದಂತೆ ಮರಳುವುದು ರಿಫ್ಲೆಕ್ಷನ್. ಆಸ್ಪತ್ರೆಯಲ್ಲಿ ಕೇಳುವ ಫ್ರ್ಯಾಕ್ಚರ್, ಗಣಿತದ ಫ್ರ್ಯಾಕ್ಷನ್ ಎರಡೂ ಈ ಎರಡನೆಯದರ ಬಳಗ, ಮಕ್ಕಳಿಗೆ ಇವೆರಡೂ ಮೊದಲೇ ಗೊತ್ತಿರುತ್ತವೆ. ನೀರು ತುಂಬಿದ ಗಾಜಿನ ಲೋಟದಲ್ಲಿ ಓರೆಯಾಗಿ ಪೆನ್ಸಿಲ್ ಇಟ್ಟು, ನೀರಿನ ಮಟ್ಟದಲ್ಲಿ ಅದು ಮುರಿದಂತೆ ಕಾಣುವುದನ್ನು ತೋರಿಸಿ ‘ರಿಫ್ರ್ಯಾಕ್ಷನ್’ ಎಂದರೆ ಆ ಪದವನ್ನು ಅವರು ಬೇಗ ಮರೆಯುವುದಿಲ್ಲ. ಡಿಫ್ರ್ಯಾಕ್ಷನ್‌ನಲ್ಲಿರುವ ‘ಡಿ’ಗೆ ಬೇರೆ ಬೇರೆಯಾಗಿ ಎಂಬ ಅರ್ಥವಿದ್ದು, ಕಿರಿದಾದ ಸೀಳಿನ ಮೂಲಕ ಹಾದ ಬೆಳಕು ಅಗಲಕ್ಕೆ ಹರಡುವುದನ್ನು ಅದು ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಈ ಹೆಸರನ್ನು ಕೊಟ್ಟವರು ಇಟಲಿಯ ಗ್ರಿಮಾಲ್ಡಿ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಕ್ಕಳಿಗೆ ಗೊತ್ತಿದೆ ಎನಿಸುವ ಪದಗಳ ವಿಷಯದಲ್ಲಿ. ‘ಚಾರ್ಜ್’ ಎಂದರೆ ಮೊಬೈಲು ನೆನಪಾಗುತ್ತದೆ, ‘ವರ್ಕ್’ ಎಂದರೆ ಮನೆಗೆಲಸ, ‘ಎಕ್ಸೈಟೆಡ್’ ಎಂದರೆ ಸಂಭ್ರಮ. ಪರಮಾಣು ಎಕ್ಸೈಟ್ ಆಯಿತು ಎಂದರೆ ಅದು ಹೆಚ್ಚಿನ ಶಕ್ತಿಯ ಸ್ಥಿತಿಗೆ ಏರಿತು ಎಂದರ್ಥ. ಎಲೆಕ್ಟ್ರಾನಿನ ‘ಸ್ಪಿನ್’ ಅಂತೂ ಬುಗುರಿಯ ತಿರುಗುವಿಕೆಯಲ್ಲ, ಆ ಕಣಕ್ಕೆ ಹುಟ್ಟಿನಿಂದಲೇ ಇರುವ ಒಂದು ಗುಣ. ಇಂತಹ ಪದಗಳಿಗೆ ನಿತ್ಯಬಳಕೆಯ ವಾಕ್ಯವೊಂದನ್ನು, ಭೌತವಿಜ್ಞಾನದ ವಾಕ್ಯವೊಂದನ್ನು ಜೊತೆಯಾಗಿ ಬರೆಸಿ.

ಪ್ರಶ್ನೆ: ಕಣಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಲು ನಮ್ಮ ನಾಡಿಗೆ ಹತ್ತಿರವಾದ ವಿಷಯ ಯಾವುದಾದರೂ ಇದೆಯೇ?
– ಬಂಗಾರಪೇಟೆ

ಉತ್ತರ: ನಿಮ್ಮ ಊರಿನ ಪಕ್ಕದಲ್ಲಿಯೇ ಇದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಹಗುರವಾದ, ವಿದ್ಯುದಾವೇಶವಿಲ್ಲದ ಕಣಗಳನ್ನು ಜಗತ್ತಿನಲ್ಲಿ ಮೊತ್ತಮೊದಲು ಗುರುತಿಸಿದ ತಾಣಗಳಲ್ಲಿ ಕೋಲಾರದ ಚಿನ್ನದ ಗಣಿ ಒಂದು. ನೆಲದಡಿ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರೊಂದಿಗೆ ಸೇರಿ ನಡೆಸಿದ ಈ ಪ್ರಯೋಗದ ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಅಷ್ಟು ಆಳಕ್ಕೆ ಇಳಿದದ್ದೇಕೆಂದರೆ, ಮೇಲಿನ ಬಂಡೆಯ ಪದರ ಉಳಿದ ಕಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಬಂಡೆಯನ್ನೂ ಹಾದು ಬರುತ್ತದೆ. ಶಾಫ್ಟ್, ಡೆಪ್ತ್, ಶೀಲ್ಡ್, ಪೆನಿಟ್ರೇಟ್, ಡಿಟೆಕ್ಟ್ ಎಂಬ ಪದಗಳು ಈ ಕಥನದಲ್ಲಿ ಸಹಜವಾಗಿಯೇ ಬರುತ್ತವೆ. ಕೆ.ಜಿ.ಎಫ್. ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಶಾಫ್ಟ್ ಎಂದರೇನೆಂದು ಅವರನ್ನೇ ಕೇಳಿ, ನಿಘಂಟಿಗಿಂತ ಚೆನ್ನಾಗಿ ವಿವರಿಸುತ್ತಾರೆ.

ಪ್ರಶ್ನೆ: ‘ಲೈಟ್ಸ್’ ಎಂದು ಬರೆದರೆ ತಪ್ಪೇ?
– ಶಿರಸಿ

ಉತ್ತರ: ದೀಪಗಳ ಬಗ್ಗೆ ಬರೆಯುವಾಗ ತಪ್ಪಲ್ಲ. ಬೆಳಕು ಎಂಬ ಭೌತಿಕ ವಿದ್ಯಮಾನದ ಬಗ್ಗೆ ಬರೆಯುವಾಗ ಮಾತ್ರ ಸಾಮಾನ್ಯವಾಗಿ ಏಕವಚನದಲ್ಲಿಯೇ ‘ಲೈಟ್’ ಎನ್ನಬೇಕು, ಅದಕ್ಕೆ ಮೊದಲು ‘ಎ’ ಕೂಡ ಬೇಡ. ಫೋಟಾನ್‌ಗಳನ್ನು ಎಣಿಸಬಹುದಾದ್ದರಿಂದ ‘ಎ ಫೋಟಾನ್’, ‘ಫೋಟಾನ್ಸ್’ ಎರಡೂ ಸರಿ.